ನಿಮ್ಮ ಸಿಮ್ ಕಾರ್ಡಿನ ಗುರುತು ಸಂಖ್ಯೆ ನಿಮಗೆ ಗೊತ್ತೇ?

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ರೈತರಿಗಾಗಿ ಏರ್ಪಡಿಸಿದ್ದ ಒಂದು ದಿನದ ತರಬೇತಿಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹರೂಪ.



ಬೆಳಗಿನಿಂದ ನೀವು ಕೂಳೆ ಕಬ್ಬಿನ ನಿರ್ವಹಣೆ, ಭತ್ತದ ಸಸಿಮಡಿ ಮತ್ತು ಮಣ್ಣು ಪರೀಕ್ಷೆಗಳ ಬಗ್ಗೆ ಕೇಳಿದ್ದೀರಿ. ಊಟದ ನಂತರದ ಈ ಒಂದು ಗಂಟೆಯಲ್ಲಿ ನಾನು ಮಾತನಾಡಬೇಕಾಗಿದ್ದ ವಿಷಯ ಕಬ್ಬಿನಲ್ಲಿ ಕಳೆ ಹತೋಟಿ. ಅದನ್ನು ಬದಿಗಿಟ್ಟು ಇಂದು ಸಿಮ್ ಕಾರ್ಡಿನ ಬಗ್ಗೆ ಮಾತನಾಡಲು ನಿಮ್ಮ ಅಪ್ಪಣೆ ಬೇಡುತ್ತೇನೆ. ಬೇಸಾಯಶಾಸ್ತ್ರದ ಮೇಷ್ಟ್ರಿಗೂ ಸಿಮ್ ಕಾರ್ಡಿಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ನಗುತ್ತಿರುವುದು ಕಾಣುತ್ತಿದೆ. ಸಂಬಂಧ ಇದೆ. ಕಳೆದ ವರ್ಷ ಇಂಥದೇ ತರಬೇತಿಯೊಂದರಲ್ಲಿ ನಡೆದ ಸಂಗತಿ ಹೇಳಿದರೆ ಅದು ನಿಮಗೇ ತಿಳಿಯುತ್ತದೆ.

ಒಬ್ಬ ರೈತರ ಅನುಭವ

ಮಳವಳ್ಳಿ ಕಡೆಯ ರೈತರೊಬ್ಬರು ತರಬೇತಿಗೆ ಬಂದಿದ್ದರು. ಐವತ್ತು ದಾಟಿದ ವಯಸ್ಸು, ಓದು ಬರಹ ಬಲ್ಲವರು, ಖರ್ಚು ವೆಚ್ಚಗಳನ್ನೆಲ್ಲ ಡೈರಿಯಲ್ಲಿ ಬರೆದಿಡುವ ಅಚ್ಚುಕಟ್ಟು ಬೇಸಾಯಗಾರರು. ಅವರ ಕಬ್ಬಿನ ಹಣ ಬ್ಯಾಂಕಿನ ಖಾತೆಗೆ ಜಮಾ ಆಗಿ ಒಂದು ವಾರ ಆಗಿತ್ತು. ಅಷ್ಟರಲ್ಲಿ ಯಾರೋ ಫೋನು ಮಾಡಿ, ಸಹಾಯಧನ ಬಂದಿದೆ ಎಂದು ನಂಬಿಸಿ, ಖಾತೆಯ ವಿವರ ಮತ್ತು ಬ್ಯಾಂಕಿನ ಕಾರ್ಡಿನ ಮೇಲಿದ್ದ ಅಂಕಿಗಳನ್ನು ಕೇಳಿ ಪಡೆದಿದ್ದರು. ಎರಡು ದಿನ ಬಿಟ್ಟು ಮತ್ತೊಂದು ಕರೆ ಬಂತು. ಸ್ಪಷ್ಟ ಕನ್ನಡದಲ್ಲಿ ಮಾತನಾಡಿದ ಆ ವ್ಯಕ್ತಿ, "ನಿಮ್ಮ ಸಿಮ್ ಹಳೆಯದಾಗಿದೆ, ಈ ರಾತ್ರಿಗೆ ನಿಂತುಹೋಗುತ್ತದೆ. ಈಗ ನಿಮಗೊಂದು 20 ಅಂಕಿಗಳ ಸಂಖ್ಯೆ ಕಳುಹಿಸುತ್ತೇನೆ. ಅದು ನಿಮ್ಮ ಸಿಮ್ಮಿನ ಸಂಖ್ಯೆ. ಅದನ್ನು ಹಾಗೆಯೇ ಕಂಪನಿಗೆ ಸಂದೇಶ ಮಾಡಿ, ಕರೆ ಬಂದಾಗ 1 ಒತ್ತಿ. ನಿಮ್ಮ ಸಿಮ್ ಹೊಸದಾಗುತ್ತದೆ" ಎಂದ. ನಮ್ಮ ರೈತರು ಹಾಗೆಯೇ ಮಾಡಿದರು. ಅಚ್ಚುಕಟ್ಟಿನವರಾದುದರಿಂದ ಆ 20 ಅಂಕಿಗಳನ್ನು ಡೈರಿಯಲ್ಲಿ ಬರೆದೂ ಇಟ್ಟುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಸಿಗ್ನಲ್ ಹೋಯಿತು. "ಟವರ್ ಕೆಟ್ಟೋಗದೆ ಅಂದ್ಕಂಡು ಸುಮ್ಕಿದ್ದೆ ಸಾ, ಕಬ್ಬಿಗೆ ಮಣ್ಣೇರ್ಸೋ ಕೆಲಸಿತ್ತು" ಎಂದು ಅವರು ನನಗೆ ಹೇಳಿದರು. ಮೊದಲ ದಿನ ಹಣ ಹೋಗಿರಲಿಲ್ಲ. ಎರಡನೆಯ ದಿನ ಸಂಜೆ ಹೋಗಿತ್ತು. ಮೂರನೆಯ ದಿನ ಬ್ಯಾಂಕಿಗೆ ಹೋದಾಗ ಕಬ್ಬಿನ ಹಣದಲ್ಲಿ ಬಹುಭಾಗ ಇರಲಿಲ್ಲ.

ಅವರ ಜೇಬಿನಲ್ಲಿ ಆ ಸತ್ತ ಸಿಮ್ ಕಾರ್ಡು ಇನ್ನೂ ಇತ್ತು. ಎಲೆಯ ಮೇಲಿನ ಥ್ರಿಪ್ಸ್ ನುಸಿ ನೋಡಲು ನಾನು ಒಂದು ಕೈಮಸೂರ ಇಟ್ಟುಕೊಂಡಿರುತ್ತೇನೆ. ಅದರಡಿ ಕಾರ್ಡನ್ನು ಇಟ್ಟು, ಅದರ ಮೇಲೆ ಅಚ್ಚಾಗಿದ್ದ ಅಂಕಿಗಳನ್ನು ಒಂದೊಂದಾಗಿ ಓದಿದೆವು. ಡೈರಿಯಲ್ಲಿ ಬರೆದಿದ್ದ ಸಂಖ್ಯೆಯನ್ನೂ ಪಕ್ಕದಲ್ಲಿಟ್ಟೆವು. ಎರಡೂ 8991 ಎಂದೇ ಆರಂಭವಾಗಿದ್ದವು. ಆದರೆ ಕೊನೆಯ ಅಂಕಿಗಳು ಬೇರೆ ಬೇರೆ. ಅಂದರೆ ಕಳ್ಳ ಕಳುಹಿಸಿದ್ದು ಇವರ ಸಿಮ್ಮಿನ ಸಂಖ್ಯೆಯಲ್ಲ, ಅವನ ಕೈಯಲ್ಲಿದ್ದ ಖಾಲಿ ಸಿಮ್ಮಿನ ಸಂಖ್ಯೆ. ಅದನ್ನು ತಮ್ಮ ಕೈಯಿಂದಲೇ ಕಂಪನಿಗೆ ಕಳುಹಿಸಿ, "ನನ್ನ ನಂಬರನ್ನು ಈ ಸಿಮ್ಮಿಗೆ ಹಾಕಿಕೊಡಿ" ಎಂದು ಇವರೇ ಕೇಳಿಕೊಂಡಂತೆ ಆಗಿತ್ತು. ಬ್ಯಾಂಕಿನ ಒ.ಟಿ.ಪಿ.ಗಳೆಲ್ಲ ಆ ಸಿಮ್ಮಿಗೆ ಹೋದವು.

ಆ ರೈತರು ಬಹಳ ಹೊತ್ತು ಸುಮ್ಮನಿದ್ದು, "ನನ್ ಸಿಮ್ಮಿನ ನಂಬರು ಇದಲ್ಲ ಅಂತ ಅವತ್ತೇ ಗೊತ್ತಿದ್ದಿದ್ರೆ" ಎಂದರು. ನಾನು ಇಂದು ಹೇಳಬೇಕಾದುದೆಲ್ಲ ಆ ಒಂದು ಮಾತಿನಲ್ಲಿದೆ. ತನ್ನ ಹಸುವಿನ ಕಿವಿಯೋಲೆಯ ಸಂಖ್ಯೆ ಬಲ್ಲವನಿಗೆ ಬೇರೆಯವರ ಹಸುವನ್ನು ತೋರಿಸಿ "ಇದು ನಿನ್ನದೇ" ಎಂದು ಮೋಸ ಮಾಡಲು ಬರುವುದಿಲ್ಲ. ಸಿಮ್ ಕಾರ್ಡಿನ ಸಂಗತಿಯೂ ಅಷ್ಟೆ.

ನಾಲ್ಕು ಸಂಖ್ಯೆಗಳು

ಒಂದು ಮೊಬೈಲಿನ ಸುತ್ತ ನಾಲ್ಕು ಸಂಖ್ಯೆಗಳಿವೆ. ಇವುಗಳನ್ನು ಒಂದಕ್ಕೊಂದು ಬೆರೆಸಿಕೊಳ್ಳುವುದರಿಂದಲೇ ತೊಂದರೆ ಆರಂಭವಾಗುತ್ತದೆ. ಕಬ್ಬಿನ ಕಾರ್ಖಾನೆಗೆ ಕಬ್ಬು ಸಾಗಿಸುವ ರೀತಿಯಿಂದಲೇ ಇದನ್ನು ತಿಳಿಯೋಣ. ನಿಮ್ಮನ್ನು ಊರಿನಲ್ಲಿ ಒಂದು ಹೆಸರಿನಿಂದ ಕರೆಯುತ್ತಾರೆ. ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ನಿಮಗೆ ಬೆಳೆಗಾರರ ಸಂಖ್ಯೆಯೊಂದಿದೆ. ಕಡಿಯಲು ಕೊಡುವ ಚೀಟಿಯ ಮೇಲೆ ಚೀಟಿಯದೇ ಆದ ಕ್ರಮಸಂಖ್ಯೆ ಅಚ್ಚಾಗಿರುತ್ತದೆ. ಕಬ್ಬು ಹೊತ್ತ ಟ್ರ್ಯಾಕ್ಟರಿಗೆ ಅದರ ನೋಂದಣಿ ಸಂಖ್ಯೆ ಬೇರೆ.

ಮೊದಲನೆಯದು ಮೊಬೈಲ್ ನಂಬರು. 10 ಅಂಕಿ. ಇದು ಊರಿನವರು ಕರೆಯುವ ಹೆಸರಿನಂತೆ. ಎಲ್ಲರಿಗೂ ಕೊಡುವಂಥದು.

ಎರಡನೆಯದು ಸಿಮ್ ಕಾರ್ಡಿನ ಕ್ರಮಸಂಖ್ಯೆ. ಇದನ್ನು ಐ.ಸಿ.ಸಿ.ಐ.ಡಿ. ಎನ್ನುತ್ತಾರೆ. 19 ಅಥವಾ 20 ಅಂಕಿ. ಮೊದಲ 89 ದೂರಸಂಪರ್ಕದ ಕಾರ್ಡು ಎಂಬುದನ್ನೂ, ಮುಂದಿನ 91 ಭಾರತ ದೇಶವನ್ನೂ ಸೂಚಿಸುತ್ತವೆ. ಆದುದರಿಂದ ನಮ್ಮ ದೇಶದ ಸಿಮ್‌ಗಳ ಸಂಖ್ಯೆ 8991 ಎಂದು ಆರಂಭವಾಗುತ್ತದೆ. ನಂತರ ಕಂಪನಿಯ ಗುರುತು, ಆಮೇಲೆ ಕಾರ್ಡಿನ ಕ್ರಮಸಂಖ್ಯೆ. ಇದು ಚೀಟಿಯ ಮೇಲಿನ ನಂಬರಿನಂತೆ.

ಮೂರನೆಯದು ಚಂದಾದಾರರ ಗುರುತು ಸಂಖ್ಯೆ, ಐ.ಎಂ.ಎಸ್.ಐ. ಇದು ಸಾಮಾನ್ಯವಾಗಿ 15 ಅಂಕಿ. ಕಾರ್ಡಿನ ಮೇಲೆ ಅಚ್ಚಾಗಿರುವುದಿಲ್ಲ, ಅದರೊಳಗಿನ ಚಿಪ್ಪಿನಲ್ಲಿ ಅಡಗಿರುತ್ತದೆ. ಟವರಿಗೆ ನಿಮ್ಮ ಪರಿಚಯ ಆಗುವುದು ಇದರಿಂದಲೇ. ಇದು ಕಾರ್ಖಾನೆಯ ಪುಸ್ತಕದ ಬೆಳೆಗಾರರ ಸಂಖ್ಯೆಯಂತೆ.

ನಾಲ್ಕನೆಯದು ಫೋನಿನ ಸಂಖ್ಯೆ, ಐ.ಎಂ.ಇ.ಐ. ಇದೂ 15 ಅಂಕಿ. ಇದಕ್ಕೂ ಸಿಮ್ಮಿಗೂ ಸಂಬಂಧವಿಲ್ಲ. ಸಿಮ್ ಬದಲಾದರೂ ಇದು ಬದಲಾಗುವುದಿಲ್ಲ. ಟ್ರ್ಯಾಕ್ಟರಿನ ನೋಂದಣಿ ಸಂಖ್ಯೆಯಂತೆ. ಎರಡು ಸಿಮ್ ಹಾಕುವ ಫೋನಿಗೆ ಎರಡು ಐ.ಎಂ.ಇ.ಐ. ಇರುತ್ತವೆ.

ಈಗ ಮುಖ್ಯವಾದ ಅಂಶವನ್ನು ಗಮನಿಸಿ. ಸಿಮ್ ಕಳೆದು ನೀವು ಅದೇ ನಂಬರಿಗೆ ಹೊಸ ಸಿಮ್ ಪಡೆದಾಗ ಮೊಬೈಲ್ ನಂಬರು ಬದಲಾಗದು. ಆದರೆ ಕಾರ್ಡಿನ ಸಂಖ್ಯೆ ಬದಲಾಗುತ್ತದೆ, ಒಳಗಿನ ಚಂದಾದಾರರ ಸಂಖ್ಯೆಯೂ ಸಾಮಾನ್ಯವಾಗಿ ಬದಲಾಗುತ್ತದೆ. ಕಂಪನಿಯ ಯಂತ್ರದಲ್ಲಿ ನಿಮ್ಮ 10 ಅಂಕಿಗಳ ಮುಂದೆ ಬರೆದಿದ್ದ ಹಳೆಯ ಸಂಖ್ಯೆಯನ್ನು ಹೊಡೆದುಹಾಕಿ ಹೊಸದನ್ನು ಬರೆಯುತ್ತಾರೆ. ಆ ಕ್ಷಣವೇ ಹಳೆಯ ಸಿಮ್ ಸಾಯುತ್ತದೆ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆಯಷ್ಟೆ. ಅಲ್ಲಿಯೂ ನಡೆಯುವುದು ಇದೇ. ಹೆಸರು ಹಳೆಯದು, ಪುಸ್ತಕದ ಲೆಕ್ಕ ಹೊಸದು. ಪಹಣಿಯಲ್ಲಿ ಸರ್ವೆ ನಂಬರು ಹಾಗೆಯೇ ಇದ್ದು ಖಾತೆದಾರರ ಹೆಸರು ಮಾತ್ರ ಬದಲಾದಂತೆ. ಅದು ನಮಗೆ ತಿಳಿಯದೆ ಬದಲಾದರೆ ಏನಾಗುತ್ತದೆಂದು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂಖ್ಯೆಯನ್ನು ಕಂಡುಕೊಳ್ಳುವ ವಿಧಾನ

ಈಗ ಎಲ್ಲರೂ ತಮ್ಮ ಫೋನುಗಳನ್ನು ಕೈಗೆ ತೆಗೆದುಕೊಳ್ಳಿ. ಮಗನನ್ನೋ ಮೊಮ್ಮಗಳನ್ನೋ ಕೇಳದೆ ನೀವೇ ಮಾಡಿ ನೋಡಿ.

1. ಫೋನಿನ ಸಂಖ್ಯೆ: ಕರೆ ಮಾಡುವ ಜಾಗದಲ್ಲಿ *#06# ಒತ್ತಿ. ಕರೆಯ ಗುಂಡಿ ಒತ್ತಬೇಕಾಗಿಲ್ಲ, ಐ.ಎಂ.ಇ.ಐ. ತಾನಾಗಿಯೇ ಪರದೆಯ ಮೇಲೆ ಬರುತ್ತದೆ. ಕೀಪ್ಯಾಡ್ ಇರುವ ಸಣ್ಣ ಫೋನಿನಲ್ಲಿಯೂ ಇದು ಬರುತ್ತದೆ.

2. ಆಂಡ್ರಾಯ್ಡ್ ಫೋನಿನಲ್ಲಿ ಸಿಮ್ಮಿನ ಸಂಖ್ಯೆ: ಸೆಟ್ಟಿಂಗ್ಸ್ ತೆರೆಯಿರಿ. ಪಟ್ಟಿಯ ಕೊನೆಯವರೆಗೆ ಇಳಿದು 'ಅಬೌಟ್ ಫೋನ್' ಎಂಬಲ್ಲಿ ಒತ್ತಿ. ಕನ್ನಡದಲ್ಲಿ ಇಟ್ಟುಕೊಂಡಿದ್ದರೆ 'ಫೋನ್ ಕುರಿತು' ಎಂದಿರುತ್ತದೆ. ಅಲ್ಲಿ 'ಸಿಮ್ ಸ್ಟೇಟಸ್' ಅಥವಾ 'ಸ್ಟೇಟಸ್' ಎಂಬುದನ್ನು ಹುಡುಕಿ. ಎರಡು ಸಿಮ್ ಇದ್ದರೆ ಎರಡಕ್ಕೂ ಪ್ರತ್ಯೇಕ ಪುಟವಿರುತ್ತದೆ. ಆ ಪುಟದಲ್ಲಿ ಐ.ಸಿ.ಸಿ.ಐ.ಡಿ. ಎಂಬ ಸಾಲಿನ ಮುಂದೆ 8991ರಿಂದ ಆರಂಭವಾಗುವ ಉದ್ದನೆಯ ಸಂಖ್ಯೆ ಕಾಣುತ್ತದೆ. ಫೋನಿನ ತಯಾರಕರು ಬೇರೆ ಬೇರೆಯಾದಂತೆ ಈ ಹೆಸರುಗಳಲ್ಲಿ ಸ್ವಲ್ಪ ವ್ಯತ್ಯಾಸವಿರುವುದುಂಟು. ಕೆಲವು ಫೋನುಗಳಲ್ಲಿ ಈ ಸಾಲೇ ಇರುವುದಿಲ್ಲ.

3. ಐಫೋನಿನಲ್ಲಿ: ಸೆಟ್ಟಿಂಗ್ಸ್, ನಂತರ ಜನರಲ್, ನಂತರ ಅಬೌಟ್. ಕೆಳಗೆ ಇಳಿದರೆ ಐ.ಸಿ.ಸಿ.ಐ.ಡಿ. ಮತ್ತು ಐ.ಎಂ.ಇ.ಐ. ಎರಡೂ ಸಿಗುತ್ತವೆ.

4. ಪರದೆಯಲ್ಲಿ ಸಿಗದಿದ್ದರೆ: ಫೋನನ್ನು ಆರಿಸಿ, ಪಿನ್ನಿನಿಂದ ತಟ್ಟೆಯನ್ನು ಹೊರತೆಗೆದು, ಕಾರ್ಡಿನ ಮೇಲೆ ಅಚ್ಚಾಗಿರುವುದನ್ನು ಓದಿ. ಅಕ್ಷರ ಬಹಳ ಸಣ್ಣದು. ಜಾಗ ಸಾಲದೆ ಅಂಕಿಗಳನ್ನು ಮೂರು ನಾಲ್ಕು ಸಾಲುಗಳಾಗಿ ಒಡೆದು ಅಚ್ಚು ಮಾಡಿರುತ್ತಾರೆ. ಮೇಲಿನಿಂದ ಕೆಳಗೆ ಒಂದೇ ಸಂಖ್ಯೆಯಾಗಿ ಓದಿಕೊಳ್ಳಬೇಕು. ಸಿಮ್ ಕೊಂಡಾಗ ಅದನ್ನು ಕೂರಿಸಿದ್ದ ದೊಡ್ಡ ಪ್ಲಾಸ್ಟಿಕ್ ಹಾಳೆಯ ಮೇಲೂ ಸಂಖ್ಯೆ ಇರುತ್ತದೆ. ಅದನ್ನು ಎಸೆಯದೆ ಇಟ್ಟುಕೊಳ್ಳುವುದು ಒಳ್ಳೆಯದು. ಅಚ್ಚಿನಲ್ಲಿರುವುದಕ್ಕೂ ಪರದೆಯಲ್ಲಿರುವುದಕ್ಕೂ ಕೊನೆಯಲ್ಲಿ ಒಂದು ಅಂಕಿ ಅಥವಾ ಅಕ್ಷರದ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. ಕೊನೆಯದು ತಾಳೆ ನೋಡುವ ಅಂಕಿಯಾದುದರಿಂದ ಕೆಲವೆಡೆ ಅದನ್ನು ತೋರಿಸುವುದಿಲ್ಲ.

ಒಳಗಿನ ಸಂಖ್ಯೆ: ಐ.ಎಂ.ಎಸ್.ಐ.

ಚಂದಾದಾರರ ಗುರುತು ಸಂಖ್ಯೆಯನ್ನು ಕಾಣುವುದು ಇಷ್ಟು ಸುಲಭವಲ್ಲ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಪರೀಕ್ಷೆಯ ಪುಟವೊಂದು ತೆರೆದು, 'ಫೋನ್ ಇನ್ಫರ್ಮೇಷನ್' ಎಂಬಲ್ಲಿ ಅದು ಕಾಣುತ್ತದೆ. ಬಹಳಷ್ಟು ಫೋನುಗಳಲ್ಲಿ ಈ ಪುಟ ತೆರೆಯುವುದೇ ಇಲ್ಲ. ತೆರೆದರೂ ಅಲ್ಲಿರುವ ಬೇರೆ ಗುಂಡಿಗಳನ್ನು ಮುಟ್ಟಬೇಡಿ, ಅವು ರಿಪೇರಿಯವರಿಗಾಗಿ ಇರುವಂಥವು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಈ ಸಂಖ್ಯೆಯನ್ನು ತೋರಿಸುವುದಿಲ್ಲ.

ಸಿಕ್ಕಿದರೆ ಅದನ್ನು ಓದುವ ಬಗೆ ಹೀಗೆ: ಮೊದಲ 3 ಅಂಕಿ ದೇಶ. ಭಾರತಕ್ಕೆ 404 ಮತ್ತು 405 ಬಳಕೆಯಲ್ಲಿವೆ. ಮುಂದಿನ 2 ಅಥವಾ 3 ಅಂಕಿ ಕಂಪನಿ ಮತ್ತು ಅದರ ವಲಯ. ಉದಾಹರಣೆಗೆ 404 71 ಎಂದರೆ ಬಿ.ಎಸ್.ಎನ್.ಎಲ್.ನ ಕರ್ನಾಟಕ ವಲಯ, 404 45 ಎಂದರೆ ಏರ್‌ಟೆಲ್‌ನ ಕರ್ನಾಟಕ ವಲಯ. ಉಳಿದದ್ದು ಚಂದಾದಾರರ ಕ್ರಮಸಂಖ್ಯೆ. ಜಿಲ್ಲೆ, ಹೋಬಳಿ, ಸರ್ವೆ ನಂಬರು ಎಂದು ನಾವು ಜಮೀನನ್ನು ಗುರುತಿಸುವ ಕ್ರಮವೇ ಇದು.

ಈ ಸಂಖ್ಯೆಯ ಜೊತೆಗೆ ಸಿಮ್ಮಿನೊಳಗೆ ಒಂದು ಗುಟ್ಟಿನ ಕೀಲಿಯೂ ಇದೆ. ಟವರು ಪ್ರತಿ ಬಾರಿ ಸಿಮ್ಮಿಗೆ ಒಂದು ಹೊಸ ಲೆಕ್ಕ ಕೊಡುತ್ತದೆ. ಸಿಮ್ ಆ ಕೀಲಿಯ ಸಹಾಯದಿಂದ ಲೆಕ್ಕ ಬಿಡಿಸಿ ಉತ್ತರವನ್ನಷ್ಟೇ ಕಳುಹಿಸುತ್ತದೆ, ಕೀಲಿಯನ್ನು ಹೊರಗೆ ಬಿಡುವುದಿಲ್ಲ. ಹೀಗಾಗಿ ಬರಿಯ ಸಂಖ್ಯೆ ಗೊತ್ತಾದ ಮಾತ್ರಕ್ಕೆ ಯಾರೂ ನಿಮ್ಮಂಥದೇ ಸಿಮ್ ತಯಾರಿಸಲಾರರು. ಕಳ್ಳರಿಗೆ ಇದು ಗೊತ್ತು. ಆದುದರಿಂದಲೇ ಅವರು ಸಿಮ್ಮಿನ ಬೀಗ ಒಡೆಯಲು ಹೋಗುವುದಿಲ್ಲ, ನಿಮ್ಮ ಕೈಯಿಂದಲೇ ಬಾಗಿಲು ತೆಗೆಸುತ್ತಾರೆ.

ಸಾಮಾನ್ಯ ರೈತರಿಗೆ ಐ.ಎಂ.ಎಸ್.ಐ. ಬೇಕಾಗುವ ಸಂದರ್ಭ ಕಡಿಮೆ. ಸಿಮ್ ಸರಿಯಿದ್ದರೂ ಟವರು ಅದನ್ನು ಸೇರಿಸಿಕೊಳ್ಳದಿದ್ದಾಗ ಕಂಪನಿಯ ಕೇಂದ್ರದಲ್ಲಿ ಅವರೇ ಅದನ್ನು ನೋಡಿಕೊಳ್ಳುತ್ತಾರೆ. ಅಂಗಡಿಯ ಮೇಜಿನ ಮುಂದೆ ನಿಂತಾಗ ಕೇಳಿದರೆ ಕೊಡಿ, ಫೋನಿನಲ್ಲಿ ಕೇಳಿದರೆ ಕೊಡಬೇಡಿ. "ನಿಮ್ಮ ಐ.ಎಂ.ಎಸ್.ಐ. ತೋರಿಸುತ್ತೇವೆ" ಎನ್ನುವ ಆ್ಯಪ್‌ಗಳನ್ನೂ ಹಾಕಿಕೊಳ್ಳಬೇಡಿ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದೀಚೆಗೆ ಹೊರಗಿನ ಸಾಮಾನ್ಯ ಆ್ಯಪ್‌ಗಳು ಈ ಸಂಖ್ಯೆಗಳನ್ನು ಓದದಂತೆ ತಡೆಯಲಾಗಿದೆ.

ಇನ್ನೊಂದು ಎಚ್ಚರಿಕೆ. *#06# ಸಂಖ್ಯೆಯನ್ನು ತೋರಿಸುವುದಷ್ಟೆ, ಬೇರೇನೂ ಮಾಡದು. ಆದರೆ ಅಪರಿಚಿತರು *401* ಎಂದು ಆರಂಭಿಸಿ ಮುಂದೆ ಒಂದು ಮೊಬೈಲ್ ನಂಬರು ಒತ್ತಲು ಹೇಳಿದರೆ ಒತ್ತಬೇಡಿ. ಅದು ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸುವ ಸೂತ್ರ. ಬೇರೆಯವರ ಗದ್ದೆಗೆ ನಿಮ್ಮ ಕಾಲುವೆಯ ತೂಬನ್ನು ನೀವೇ ಎತ್ತಿಕೊಟ್ಟಂತೆ.

ಸಿಗ್ನಲ್ ಹೋದ ದಿನ

ಮಳವಳ್ಳಿಯ ಆ ರೈತರಿಗೆ ಮೊದಲ ದಿನ ಹಣ ಹೋಗಿರಲಿಲ್ಲ ಎಂದೆ. ಅದು ಆಕಸ್ಮಿಕವಲ್ಲ. ಸಿಮ್ ಬದಲಾದ ಮೇಲೆ ಹೊಸ ಸಿಮ್ಮಿಗೆ 24 ಗಂಟೆಗಳ ಕಾಲ ಎಸ್.ಎಂ.ಎಸ್. ಬರದಂತೆ, ಅದರಿಂದ ಹೋಗದಂತೆ ತಡೆಯಬೇಕೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಹಾಗೆಯೇ ಸಿಮ್ ಬದಲಿಸಿದ 7 ದಿನಗಳೊಳಗೆ ಆ ನಂಬರನ್ನು ಬೇರೆ ಕಂಪನಿಗೆ ಒಯ್ಯುವಂತಿಲ್ಲವೆಂಬ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದಿದೆ. ಎಸ್.ಎಂ.ಎಸ್. ಬಾರದಿದ್ದರೆ ಅದರಲ್ಲಿ ಬರುವ ಒ.ಟಿ.ಪಿ. ಕಳ್ಳನಿಗೆ ಸಿಗುವುದಿಲ್ಲ. ಅವನು ಆ ಒಂದು ದಿನ ಕಾಯುತ್ತಾನೆ. ಆ ದಿನ ನಿಮ್ಮದು. ಅಂದು ನೀವು ಎಚ್ಚೆತ್ತರೆ ಹಣ ಉಳಿಯುವ ಸಂಭವ ಹೆಚ್ಚು. ಟವರ್ ಕೆಟ್ಟಿದೆ ಎಂದು ಸುಮ್ಮನಿದ್ದರೆ, ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಟವರ್ ಕೆಟ್ಟಿದೆಯೋ ಸಿಮ್ ಕಳುವಾಗಿದೆಯೋ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಮೊದಲನೆಯದು, ಅದೇ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರ ಫೋನು ನೋಡಿ. ಅವರಿಗೆ ಸಿಗ್ನಲ್ ಇದ್ದು ನಿಮಗೆ ಮಾತ್ರ ಇಲ್ಲವಾದರೆ ಸಂಶಯಪಡಬೇಕು. ಎರಡನೆಯದು, ಅವರ ಫೋನಿನಿಂದ ನಿಮ್ಮ ನಂಬರಿಗೇ ಕರೆ ಮಾಡಿ. ನಿಮ್ಮ ಫೋನು ಸತ್ತಂತಿದ್ದರೂ ಆ ಕಡೆ ಗಂಟೆ ಹೊಡೆಯುತ್ತಿದ್ದರೆ ನಿಮ್ಮ ನಂಬರು ಬೇರೆಲ್ಲೋ ಜೀವಂತವಾಗಿದೆ ಎಂದೇ ತಿಳಿಯಬೇಕು.

ಆಗ ಮಾಡಬೇಕಾದುದು: ಬೇರೊಂದು ಫೋನಿನಿಂದ ಕಂಪನಿಗೆ ಕರೆ ಮಾಡಿ ನಂಬರನ್ನು ನಿಲ್ಲಿಸಲು ಹೇಳಿ. ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ತಡೆಹಿಡಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಬರೆಸಿ. ನಂತರ ಗುರುತಿನ ಚೀಟಿ ಮತ್ತು ಹಳೆಯ ಸಿಮ್ಮಿನೊಡನೆ ಕಂಪನಿಯ ಕೇಂದ್ರಕ್ಕೂ, ಮಂಡ್ಯದ ಸಿ.ಇ.ಎನ್. ಪೊಲೀಸ್ ಠಾಣೆಗೋ ನಿಮ್ಮ ಸಮೀಪದ ಠಾಣೆಗೋ ಹೋಗಿ. "ನನ್ನ ಕೈಯಲ್ಲಿದ್ದ ಸಿಮ್ಮಿನ ಸಂಖ್ಯೆ ಇದು, ಇಂಥ ದಿನ ಇಷ್ಟು ಗಂಟೆಗೆ ನಿಂತಿತು" ಎಂದು ಬರೆದುಕೊಡುವವನ ದೂರಿಗೂ, "ಫೋನು ಕೆಟ್ಟಿದೆ ಸ್ವಾಮಿ" ಎನ್ನುವವನ ದೂರಿಗೂ ಬಹಳ ವ್ಯತ್ಯಾಸವಿದೆ.

ಪಂಪ್‌ಸೆಟ್ಟಿನ ಸಿಮ್

ನಮ್ಮಲ್ಲಿ ಫೋನಿನಲ್ಲಿರುವ ಸಿಮ್ ಅಲ್ಲದೆ ಹೊಲದಲ್ಲಿಯೂ ಒಂದು ಸಿಮ್ ಇರುತ್ತದೆ. ಅದು ಮೊಬೈಲ್ ಸ್ಟಾರ್ಟರಿನ ಸಿಮ್. ಏಷ್ಯಾದ ಮೊದಲ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದಾದ ಶಿವನಸಮುದ್ರ ಇರುವುದು ಇದೇ ಮಳವಳ್ಳಿ ತಾಲ್ಲೂಕಿನಲ್ಲಿ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆದರೂ ನಮ್ಮ ರೈತರು ತ್ರೀಫೇಸ್ ಪಾಳಿಗಾಗಿ ರಾತ್ರಿಯೆಲ್ಲ ಕಾಯುವ ಸ್ಥಿತಿ ಇದೆ. ನಾಲೆಯ ನೀರು ತಲುಪದ ಹಲಗೂರಿನ ಕಡೆಯಿರಲಿ, ಕೊನೆಯ ಭಾಗದ ಜಮೀನುಗಳಿರಲಿ, ಕೊಳವೆ ಬಾವಿಯೇ ಆಧಾರ. ಕಬ್ಬಿನ ನಡುವೆ ಕತ್ತಲಲ್ಲಿ ನಡೆಯುವಾಗ ಹಾವಿನ ಭಯ, ಈಚೆಗೆ ಚಿರತೆಯ ಭಯ. ಮನೆಯಿಂದಲೇ ಪಂಪು ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ನಿಜವಾಗಿಯೂ ಉಪಕಾರಿ. ಆದರೆ ಅದರೊಳಗಿನ ಸಿಮ್ಮನ್ನು ನಾವು ಮರೆತುಬಿಡುತ್ತೇವೆ.

ಈ ಸಿಮ್ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿ. ಸ್ಟಾರ್ಟರ್ ಮಾರಿದವರೇ ತಮ್ಮ ಹೆಸರಿನ ಸಿಮ್ ಹಾಕಿಕೊಟ್ಟಿರುವುದುಂಟು. ಅದು ಸರಿಯಲ್ಲ. ನಿಮ್ಮ ಹೆಸರಿನ ಸಿಮ್ಮನ್ನೇ ಹಾಕಿಸಿ. ಯಂತ್ರಗಳಿಗಾಗಿಯೇ ಕೊಡುವ 13 ಅಂಕಿಗಳ ನಂಬರುಗಳು 2018ರ ಜುಲೈನಿಂದ ಜಾರಿಗೆ ಬಂದಿವೆ. ನಿಮ್ಮ ಸ್ಟಾರ್ಟರಿನ ನಂಬರು 13 ಅಂಕಿಯದಾಗಿದ್ದರೆ ಅಚ್ಚರಿಪಡಬೇಡಿ.

ಸಿಮ್ಮನ್ನು ಪೆಟ್ಟಿಗೆಯೊಳಗೆ ಕೂರಿಸುವ ಮೊದಲು ಮನೆಯ ಫೋನಿಗೆ ಹಾಕಿ ಐ.ಸಿ.ಸಿ.ಐ.ಡಿ. ಬರೆದುಕೊಳ್ಳಿ. ಆಗಲೇ ಕರೆ ಹೋಗುತ್ತದೆಯೇ ಎಂದೂ ನೋಡಿ. ಪಿನ್ ಬೀಗ ಇದ್ದರೆ ತೆಗೆದುಹಾಕಿ, ಇಲ್ಲವಾದರೆ ಸ್ಟಾರ್ಟರು ಮಾತನಾಡದು. ಪಿನ್ ಮೂರು ಬಾರಿ ತಪ್ಪಾದರೆ ಪಿ.ಯು.ಕೆ. ಕೇಳುತ್ತದೆ. ಅದು ಹತ್ತು ಬಾರಿ ತಪ್ಪಾದರೆ ಸಿಮ್ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಪಿ.ಯು.ಕೆ. ಎಂಬುದು ಪ್ರತಿ ಕಾರ್ಡಿಗೂ ಬೇರೆಯಾದುದರಿಂದ, ಅದನ್ನು ಪಡೆಯುವಾಗ ಕಾರ್ಡಿನ ಸಂಖ್ಯೆ ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಹಳೆಯ ಸ್ಟಾರ್ಟರುಗಳಲ್ಲಿ ಹಲವು 2ಜಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. 2ಜಿ ಸೇವೆಯೇ ಇಲ್ಲದ ಕಂಪನಿಯ ಸಿಮ್ ಅದಕ್ಕೆ ಒಗ್ಗುವುದಿಲ್ಲ.

ಮುಖ್ಯವಾಗಿ ರೀಚಾರ್ಜ್ ಮರೆಯಬೇಡಿ. ಮಳೆಗಾಲದಲ್ಲಿ ಪಂಪು ಬಳಸದೆ ಸಿಮ್ ಮೂರು ತಿಂಗಳು ಸುಮ್ಮನೆ ಬಿದ್ದಿದ್ದರೆ, ಅಂದರೆ 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ, ಕಂಪನಿ ಅದನ್ನು ನಿಲ್ಲಿಸಬಹುದು. ನಿಂತ ನಂಬರು ಮುಂದೆ ಬೇರೆಯವರಿಗೂ ಸಿಗುತ್ತದೆ. ಮನೆಯ ಹಳೆಯ ನಂಬರಿನ ವಿಷಯದಲ್ಲಿ ಇದು ಇನ್ನೂ ಗಂಭೀರ. ಆಧಾರ್, ಫ್ರೂಟ್ಸ್ ನೋಂದಣಿ, ಪಿ.ಎಂ. ಕಿಸಾನ್, ರೇಷ್ಮೆಗೂಡು ಮತ್ತು ಕಬ್ಬಿನ ಹಣ ಬರುವ ಬ್ಯಾಂಕ್ ಖಾತೆ, ಇವೆಲ್ಲಕ್ಕೂ ಎಂದೋ ಕೊಟ್ಟಿದ್ದ ನಂಬರು ನಿಂತುಹೋಗಿದ್ದರೆ ಅದನ್ನು ಎಲ್ಲ ಕಡೆಯೂ ಬದಲಿಸುವುದು ಅಗತ್ಯ. ಇಲ್ಲವಾದರೆ ನಿಮ್ಮ ಒ.ಟಿ.ಪಿ. ಎಲ್ಲೋ ದೂರದ ಊರಿನ ಅಪರಿಚಿತರ ಜೇಬಿನಲ್ಲಿ ಗಂಟೆ ಹೊಡೆಯುತ್ತಿರುತ್ತದೆ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್?

ಒಬ್ಬರ ಹೆಸರಿನಲ್ಲಿ ಗರಿಷ್ಠ 9 ಸಿಮ್‌ಗಳಿರಬಹುದೆಂಬುದು ನಮ್ಮ ರಾಜ್ಯಕ್ಕೆ ಅನ್ವಯಿಸುವ ನಿಯಮ. ನಿಮ್ಮ ಹೆಸರಿನಲ್ಲಿ ನಿಮಗೇ ತಿಳಿಯದ ಸಿಮ್ ಇದೆಯೇ ಎಂದು ದೂರಸಂಪರ್ಕ ಇಲಾಖೆಯ 'ಸಂಚಾರ ಸಾಥಿ' ಜಾಲತಾಣದಲ್ಲಿ ನೋಡಬಹುದು. 2023ರ ಮೇ ತಿಂಗಳಲ್ಲಿ ಆರಂಭವಾದ ಇದಕ್ಕೆ 2025ರಿಂದ ಆ್ಯಪ್ ಸಹ ಬಂದಿದೆ. ನಿಮ್ಮದಲ್ಲದ ನಂಬರು ಕಂಡರೆ ಅಲ್ಲಿಯೇ ತಿಳಿಸಿ ತೆಗೆಸಬಹುದು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿಯೋ ಸಂತೆಯಲ್ಲಿಯೋ ಫೋನು ಕಳುವಾದರೆ, ಪೊಲೀಸ್ ದೂರಿನ ಪ್ರತಿ ಮತ್ತು ಐ.ಎಂ.ಇ.ಐ. ಕೊಟ್ಟು ಆ ಫೋನು ಯಾವ ಸಿಮ್ಮಿನಲ್ಲಿಯೂ ಕೆಲಸ ಮಾಡದಂತೆ ತಡೆಯುವ ವ್ಯವಸ್ಥೆಯೂ ಅಲ್ಲಿದೆ. ಹಳೆಯ ಫೋನು ಕೊಳ್ಳುವ ಮುನ್ನ ಕೆ.ವೈ.ಎಂ. ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಐ.ಎಂ.ಇ.ಐ. ಸೇರಿಸಿ 14422ಕ್ಕೆ ಸಂದೇಶ ಕಳುಹಿಸಿದರೆ ಆ ಫೋನಿನ ಪೂರ್ವಾಪರ ತಿಳಿಯುತ್ತದೆ.

ಡೈರಿಯ ಒಂದು ಪುಟ

ಬೇಸಾಯದ ಲೆಕ್ಕದ ಪುಸ್ತಕದಲ್ಲಿ ಒಂದು ಪುಟವನ್ನು ಇದಕ್ಕಾಗಿ ಮೀಸಲಿಡಿ. ಅದರಲ್ಲಿ ಬರೆಯಬೇಕಾದುವು:

1. ಮನೆಯ ಪ್ರತಿ ಸಿಮ್ಮಿನ 10 ಅಂಕಿಗಳ ನಂಬರು, ಯಾರ ಹೆಸರಿನಲ್ಲಿದೆ, ಯಾವ ಕಂಪನಿ.
2. ಅದರ ಐ.ಸಿ.ಸಿ.ಐ.ಡಿ. ಮತ್ತು ಬರೆದುಕೊಂಡ ದಿನಾಂಕ. ಸಿಮ್ ಬದಲಿಸಿದಾಗ ಹಳೆಯದನ್ನು ಹೊಡೆದು ಹೊಸದನ್ನು ಬರೆಯಬೇಕು.
3. ಪ್ರತಿ ಫೋನಿನ ಐ.ಎಂ.ಇ.ಐ.
4. ಸ್ಟಾರ್ಟರಿನ ಸಿಮ್ಮಿನ ಸಂಖ್ಯೆಗಳು, ಪಂಪ್‌ಸೆಟ್ಟಿನ ಆರ್.ಆರ್. ನಂಬರು, ರೀಚಾರ್ಜ್ ಮುಗಿಯುವ ದಿನ.
5. ಬ್ಯಾಂಕಿನ ಮತ್ತು ಸಿಮ್ ಕಂಪನಿಯ ದೂರವಾಣಿ ಸಂಖ್ಯೆ, ಹಾಗೂ 1930.

ಬ್ಯಾಂಕಿನ ಪಿನ್ ಮತ್ತು ಪಾಸ್‌ವರ್ಡ್‌ಗಳನ್ನು ಈ ಪುಟದಲ್ಲಿ ಖಂಡಿತ ಬರೆಯಬೇಡಿ. ಈ ಪುಟದ ಫೋಟೋ ತೆಗೆದು ಅದೇ ಫೋನಿನಲ್ಲಿಟ್ಟರೆ ಫೋನು ಹೋದಾಗ ಪುಟವೂ ಹೋಗುತ್ತದೆ. ಕಾಗದವೇ ಮೇಲು.

ಇನ್ನು ಕೆಲವು ಫೋನುಗಳಲ್ಲಿ ಕಾರ್ಡೇ ಇಲ್ಲದ ಇ-ಸಿಮ್ ಬಂದಿದೆ. ಅದಕ್ಕೂ ಐ.ಸಿ.ಸಿ.ಐ.ಡಿ. ಇದೆ, ಸೆಟ್ಟಿಂಗ್ಸ್‌ನಲ್ಲಿಯೇ ಕಾಣುತ್ತದೆ. ನೀವು ಕೇಳದೆ "ನಿಮ್ಮ ಸಿಮ್ಮನ್ನು ಇ-ಸಿಮ್ ಮಾಡುತ್ತೇವೆ, ಒಪ್ಪಿಗೆ ಕೊಡಿ" ಎಂದು ಕರೆ ಬಂದರೆ ಅದೂ ಅದೇ ಹಳೆಯ ಮೋಸದ ಹೊಸ ರೂಪ.

ಕಾರ್ಯಕರ್ತರಿಗೆ ಒಂದು ಮಾತು

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನದೊಂದು ವಿನಂತಿ. ಗ್ರಾಮಗಳಲ್ಲಿ ಬೆಳೆ ಸಮೀಕ್ಷೆಗೋ ಇ-ಕೆವೈಸಿಗೋ ರೈತರನ್ನು ಸೇರಿಸಿದಾಗ ಹದಿನೈದು ನಿಮಿಷ ಇದಕ್ಕೆ ಕೊಡಿ. ಭಾಷಣ ಬೇಡ. ಪ್ರತಿಯೊಬ್ಬರೂ ತಮ್ಮ ಫೋನಿನಲ್ಲಿ 8991 ಕಂಡುಹಿಡಿದು ಚೀಟಿಯಲ್ಲಿ ಬರೆದುಕೊಳ್ಳಲಿ. ಕೀಪ್ಯಾಡ್ ಫೋನಿನ ಹಿರಿಯರ ಸಿಮ್ ತೆಗೆದು ಓದಿಕೊಡಿ, ಮತ್ತೆ ಸರಿಯಾಗಿ ಕೂರಿಸಿಕೊಡಿ. ಅವರ ಸಂಖ್ಯೆಗಳನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಬೇಡಿ. ಅದು ಅವರ ಸೊತ್ತು. ಹೆಣ್ಣುಮಕ್ಕಳ ಫೋನುಗಳನ್ನು ಮರೆಯಬೇಡಿ. ಸ್ವಸಹಾಯ ಸಂಘದ ಹಣದ ವ್ಯವಹಾರ ಅವರ ನಂಬರಿನಲ್ಲಿಯೇ ನಡೆಯುತ್ತದೆ.

ರೈತ ಬಾಂಧವರೇ, ಬಿತ್ತನೆ ಬೀಜದ ಚೀಲದ ಮೇಲಿನ ಲಾಟ್ ನಂಬರನ್ನು ಬರೆದಿಟ್ಟುಕೊಳ್ಳಿ, ಮೊಳಕೆ ಬರದಿದ್ದರೆ ಅದೇ ನಿಮ್ಮ ಸಾಕ್ಷಿ ಎಂದು ನಾವು ಹಲವು ವರ್ಷಗಳಿಂದ ಹೇಳುತ್ತಾ ಬಂದಿದ್ದೇವೆ. ಸಿಮ್ಮಿನ ಸಂಖ್ಯೆಯೂ ಅಂಥದೇ. ಬರೆದಿಡಲು ಐದು ನಿಮಿಷ ಸಾಕು. ಹನ್ನೆರಡು ತಿಂಗಳು ಕಬ್ಬು ಬೆಳೆದು ಪಡೆದ ಹಣಕ್ಕೆ ಆ ಐದು ನಿಮಿಷ ಹೆಚ್ಚಲ್ಲ.

ಮಳವಳ್ಳಿಯ ಆ ರೈತರು ಮತ್ತೆ ಕಬ್ಬು ನೆಟ್ಟಿದ್ದಾರೆ. ದೂರಿನ ವಿಚಾರಣೆ ನಡೆಯುತ್ತಿದೆ. ಅವರ ಡೈರಿಯ ಮೊದಲ ಪುಟದಲ್ಲಿ ಈಗ ಅವರದೇ ಸಿಮ್ಮಿನ ಸಂಖ್ಯೆ ಇದೆ. ತಮ್ಮ ಬೀದಿಯ ಮನೆಗಳವರಿಗೂ ಅವರೇ ಓದಿ ಬರೆದುಕೊಟ್ಟಿದ್ದಾರೆ. ನೀವೂ ಇಂದು ಮನೆಗೆ ಹೋದ ಕೂಡಲೇ ಆ ಪುಟ ಬರೆಯಿರಿ, ಪಕ್ಕದ ಮನೆಯವರಿಗೂ ಬರೆದುಕೊಡಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ. ಕಳೆ ಹತೋಟಿಯ ವಿಷಯ ಮುಂದಿನ ತರಬೇತಿಗೆ ಇರಲಿ.